ಕೋಶರ್ ಬರ್ಗರ್ ಅಂಗಡಿಯಲ್ಲಿ ಚೀಸ್ ಯಾಕಿಲ್ಲ?

ಪ್ರಶ್ನೆ: ನಮ್ಮ ಅಕ್ಕ ಇಸ್ರೇಲಿನಲ್ಲಿ ಕೇರ್‌ಗಿವರ್ ಕೆಲಸದಲ್ಲಿದ್ದಾರೆ. ಅಲ್ಲಿನ ಒಂದು ಬರ್ಗರ್ ಅಂಗಡಿಯಲ್ಲಿ ಚೀಸ್ ಬರ್ಗರ್ ಕೇಳಿದ್ದಕ್ಕೆ ‘ಇಲ್ಲ’ ಅಂದರಂತೆ. ಅಲ್ಲಿಯವರು ಚೀಸ್ ತಿನ್ನುತ್ತಾರೆ, ದನದ ಮಾಂಸವನ್ನೂ ತಿನ್ನುತ್ತಾರೆ. ಮತ್ತೆ ಎರಡೂ ಸೇರಿದರೆ ಏನು ತೊಂದರೆ?

ಉತ್ತರ: ತೊಂದರೆ ಇರುವುದೇ ಸೇರುವುದರಲ್ಲಿ. ಯಹೂದಿಗಳ ಧಾರ್ಮಿಕ ಆಹಾರ ನಿಯಮಕ್ಕೆ ಒಪ್ಪುವ ಊಟಕ್ಕೆ ಕೋಶರ್ ಅನ್ನುತ್ತಾರೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಯಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಮೂರು ಕಡೆ ಬರುತ್ತದೆ. ಆ ಒಂದು ಸಾಲಿನ ಮೇಲೆ ಅವರ ಧರ್ಮಗುರುಗಳಾದ ರಬ್ಬಿಗಳು ದೊಡ್ಡ ಕಟ್ಟಳೆಯನ್ನೇ ಕಟ್ಟಿದರು. ಮಾಂಸ ಮತ್ತು ಹಾಲನ್ನು ಒಟ್ಟಿಗೆ ಬೇಯಿಸುವಂತಿಲ್ಲ, ಒಟ್ಟಿಗೆ ತಿನ್ನುವಂತಿಲ್ಲ. ಕೋಳಿಗೆಲ್ಲಿಯ ಹಾಲು ಅಂತ ಕೇಳಬೇಡಿ, ಅದನ್ನೂ ಮಾಂಸದ ಲೆಕ್ಕಕ್ಕೇ ಸೇರಿಸಿದ್ದಾರೆ! ಮೀನು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಮೊಟ್ಟೆ, ತರಕಾರಿ, ಎಣ್ಣೆ ಎರಡೂ ಕಡೆಗೆ ಸಲ್ಲುತ್ತವೆ. ಹಾಗಾಗಿ ಬರ್ಗರಿಗೆ ಮೊಟ್ಟೆ, ಎಣ್ಣೆಯಿಂದ ಮಾಡಿದ ಮಯೋನೀಸ್ ಹಚ್ಚಲು ಅಡ್ಡಿಯಿಲ್ಲ.

ನಿಮ್ಮ ಅಕ್ಕನಿಗೆ ಇದು ಪೂರ್ತಿ ಹೊಸದೇನೂ ಇರಲಾರದು. ಕೋಶರ್ ಪಾಲಿಸುವ ಮನೆಗಳಲ್ಲಿ ಮಾಂಸಕ್ಕೆ ಒಂದು ಸೆಟ್ ಪಾತ್ರೆ, ಹಾಲಿನ ಪದಾರ್ಥಕ್ಕೆ ಇನ್ನೊಂದು. ಎಷ್ಟೋ ಮನೆಗಳಲ್ಲಿ ಸಿಂಕೂ ಎರಡು. ಮಾಂಸದೂಟ ಆದ ಮೇಲೆ ಹಾಲಿನದು ಮುಟ್ಟಬೇಕಾದರೆ ಹೆಚ್ಚಿನವರು 6 ಗಂಟೆ ಕಾಯುತ್ತಾರೆ. ಜರ್ಮನಿ ಮೂಲದವರಿಗೆ 3 ಗಂಟೆ, ಡಚ್ಚರಿಗೆ ಒಂದೇ ಗಂಟೆ ಸಾಕು.

ಇದೇ ನಿಯಮ ಬರ್ಗರ್ ಅಂಗಡಿಗೆ ಬಂದರೆ ಚೀಸ್ ಒಂದನ್ನು ತೆಗೆದು ಹಾಕಿದರೆ ಮುಗಿಯುವುದಿಲ್ಲ. ಬನ್ನಿನಲ್ಲಿ ಬೆಣ್ಣೆ, ಹಾಲಿನ ಪುಡಿ ಇರಬಾರದು. ಊಟದ ಕೊನೆಗೆ ಐಸ್‌ಕ್ರೀಮ್ ಕೊಡುವುದಾದರೆ ಸೋಯಾದಂಥದ್ದರಲ್ಲಿ ಮಾಡಿದ್ದಾಗಬೇಕು. ಮಾಂಸದ ಕತೆ ಇನ್ನೂ ಉದ್ದ. ತರಬೇತಿ ಪಡೆದವನೇ ಹರಿತವಾದ ಚೂರಿಯಿಂದ ಪ್ರಾಣಿಯ ಕತ್ತು ಕೊಯ್ಯಬೇಕು. ರಕ್ತ ತಿನ್ನುವುದು ನಿಷಿದ್ಧ. ಅದಕ್ಕೇ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಮೈತುಂಬ ಉಪ್ಪು ಸವರಿ ಒಂದು ಗಂಟೆ ಬಿಟ್ಟು, ಚೆನ್ನಾಗಿ ತೊಳೆಯುತ್ತಾರೆ. ಇಷ್ಟೆಲ್ಲ ಆದ ಮೇಲೇ ಕೈಮಾ. ಬನ್ನಿನ ನಡುವೆ ಇಡುವ ಪ್ಯಾಟಿ ಬರುವುದು ಅದರ ನಂತರ.

ಇಸ್ರೇಲಿನದೇ ಬರ್ಗರ್ ಸರಣಿ ಅಂದರೆ ಮೊದಲು ನೆನಪಾಗುವುದು ಬರ್ಗರ್ ರಾಂಚ್. ಶುರುವಾಗಿದ್ದು 1972ರಲ್ಲಿ. ಮೆಕ್‌ಡೊನಾಲ್ಡ್ಸ್ ಆ ದೇಶಕ್ಕೆ ಕಾಲಿಟ್ಟಿದ್ದು 1993ರಲ್ಲಿ, ಅಂದರೆ ಎರಡು ದಶಕ ತಡವಾಗಿ. 2010ರಲ್ಲಂತೂ ತಮಾಷೆಯೇ ನಡೆಯಿತು: ಅಲ್ಲಿ ಬರ್ಗರ್ ಕಿಂಗ್ ನಡೆಸುತ್ತಿದ್ದ ಕಂಪನಿ ಬರ್ಗರ್ ರಾಂಚನ್ನು ಕೊಂಡುಕೊಂಡು, ಬರ್ಗರ್ ಕಿಂಗ್ ಅಂಗಡಿಗಳಿಗೇ ಬರ್ಗರ್ ರಾಂಚ್ ಬೋರ್ಡು ಹಾಕಿಸಿತು. ಅಮೆರಿಕದ ದೊಡ್ಡ ಹೆಸರು ಊರಿನ ಹೆಸರಿಗೆ ಜಾಗ ಬಿಡುವುದು ಅಪರೂಪ, ಅಲ್ವಾ? ಬರ್ಗರ್ ಕಿಂಗ್ ವಾಪಸ್ ಬರಲು 2016ರವರೆಗೆ ಕಾಯಬೇಕಾಯಿತು.

ಊರಿನ ಸರಣಿ ಅಂದಮಾತ್ರಕ್ಕೆ ಕೋಶರ್, ವಿದೇಶಿ ಅಂದಮಾತ್ರಕ್ಕೆ ಅಲ್ಲ ಅಂತ ತಿಳಿದುಕೊಂಡರೆ ತಪ್ಪಾಗುತ್ತದೆ. ಜೆರುಸಲೇಮ್ ಹತ್ತಿರದ ಮೆವಸೆರೆತ್ ಸಿಯೋನ್‌ನಲ್ಲಿ 1995ರಲ್ಲೇ ಕೋಶರ್ ಮೆಕ್‌ಡೊನಾಲ್ಡ್ಸ್ ತೆರೆಯಿತು. ಅದೇ ಕಂಪನಿಯ ಕೋಶರ್ ಅಲ್ಲದ ಶಾಖೆಗಳಲ್ಲಿ ಚೀಸ್ ಬರ್ಗರ್ ಸಲೀಸಾಗಿ ಸಿಗುತ್ತದೆ. ಸರ್ಟಿಫಿಕೇಟ್ ಕೊಡುವುದು ಒಂದೊಂದು ಶಾಖೆಗೆ, ಬ್ರ್ಯಾಂಡಿಗಲ್ಲ. ಆದ್ದರಿಂದ ಹೊರಗಿನ ಬೋರ್ಡಿಗಿಂತ ಗೋಡೆಗೆ ಅಂಟಿಸಿದ ಆ ಕಾಗದ ನೋಡುವುದು ಒಳ್ಳೆಯದು. ಅದಕ್ಕೆ ಅವಧಿಯೂ ಇರುತ್ತದೆ. ಅನುಮತಿ ಇಲ್ಲದೆ ಸುಮ್ನೆ ‘ಕೋಶರ್’ ಅಂತ ಬರೆದುಕೊಳ್ಳುವ ಹಾಗಿಲ್ಲ, ಅದಕ್ಕೆ 1983ರ ಕಾನೂನು ಇದೆ.

ಚೀಸ್ ಬೇಕೇ ಬೇಕು, ಕೋಶರೂ ಆಗಿರಬೇಕು ಅನ್ನುವವರಿಗೂ ಈಗ ದಾರಿ ಇದೆ. ಮಾಂಸದ ಬರ್ಗರಿಗೆ ಹಾಲಿಲ್ಲದ ಚೀಸ್ ಹಾಕುತ್ತಾರೆ. ಇಲ್ಲವೇ ಹಾಲಿನ ಪದಾರ್ಥದ ಹೋಟೆಲಿನಲ್ಲಿ ಸಸ್ಯಮೂಲದ ಪ್ಯಾಟಿಗೆ ನಿಜವಾದ ಚೀಸ್. ಅಮೆರಿಕದ ಇಂಪಾಸಿಬಲ್ ಕಂಪನಿಯ ಪ್ಯಾಟಿಗೆ 2018ರಲ್ಲಿ ಕೋಶರ್ ಮಾನ್ಯತೆ ಸಿಕ್ಕಿತು.

ನಿಮ್ಮ ಅಕ್ಕನಿಗೆ ಇದ್ಯಾವುದೂ ಬೇಕಿಲ್ಲ, ಚೀಸ್ ಬರ್ಗರ್ ಸಿಕ್ಕರೆ ಸಾಕು ಅಂತಾದರೆ ಸುಲಭದ ಉಪಾಯವಿದೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಆಗ ಕೋಶರ್ ಅಂಗಡಿಗಳು ಮುಚ್ಚಿರುತ್ತವೆ. ಕೇರ್‌ಗಿವರ್‌ಗಳಲ್ಲಿ ಅನೇಕರಿಗೆ ವಾರದ ರಜೆ ಸಿಗುವುದೂ ಆಗಲೇ. ಆ ಹೊತ್ತಿನಲ್ಲಿ ಯಾವ ಬರ್ಗರ್ ಅಂಗಡಿಯ ಬಾಗಿಲು ತೆರೆದಿದೆಯೋ, ಅಲ್ಲಿ ಕೇಳಲಿ.