ಕ್ಯಾಟ್‌ವಾಕಿಗೂ ಬೇಕು ಕೂಲ್‌ಡೌನ್ ಲೆಕ್ಕ

ಬಳ್ಳಾರಿಯ ಜೀನ್ಸ್ ಘಟಕಗಳವರು ಖರೀದಿದಾರರಿಗೆಂದು ಕಲ್ಯಾಣ ಮಂಟಪದಲ್ಲಿ ಫ್ಯಾಷನ್ ಷೋ ಇಟ್ಟರೆ ದುಡ್ಡೆಲ್ಲ ಲೈಟು, ಹೂವು, ಎಲ್‌ಇಡಿ ಪರದೆಗೆ ಹೋಗುತ್ತದೆ. ಷೋ ಕೆಡುವುದು ಮಾತ್ರ ಆ ಪರದೆಯ ಹಿಂದೆ, ಸಮಯಕ್ಕೆ ಸರಿಯಾಗಿ ಮೇಲೇರದ ಒಂದು ಪ್ಯಾಂಟಿನಿಂದ. 2020ರ ಡಿಸೆಂಬರ್‌ನಲ್ಲಿ ಬಾಲೆನ್ಸಿಯಾಗ ಎಂಬ ಫ್ಯಾಷನ್ ಕಂಪನಿ ತನ್ನ ಹೊಸ ಉಡುಪುಗಳನ್ನು ವಿಡಿಯೋ ಗೇಮ್ ರೂಪದಲ್ಲೇ ತೋರಿಸಿತ್ತು. ನಮಗೆ ಆ ಥಳಕು ಬೇಡ, ಗೇಮ್ ಕಟ್ಟುವವರ ಲೆಕ್ಕ ಸಾಕು.

ಗೇಮಿನಲ್ಲಿ ಒಂದು ಅಸ್ತ್ರ ಬಿಟ್ಟರೆ ಅದು ಮತ್ತೆ ಕೈಗೆ ಸಿಗಲು ಇಂತಿಷ್ಟು ಸೆಕೆಂಡ್ ಕಾಯಬೇಕು. ಅದೇ ಕೂಲ್‌ಡೌನ್. ಮಾಡೆಲ್‌ಗೂ ಇದೇ ನಿಯಮ. ರ‍್ಯಾಂಪ್ 50 ಅಡಿ, ಅಂದರೆ ಸುಮಾರು 15 ಮೀಟರ್ ಎಂದುಕೊಳ್ಳಿ. ನಿಮಿಷಕ್ಕೆ 120 ಬೀಟ್‌ನ ಹಾಡಿಗೆ ಸೆಕೆಂಡಿಗೆ ಎರಡು ಹೆಜ್ಜೆ, ಹೆಜ್ಜೆಗೆ 60 ಸೆಂಟಿಮೀಟರ್. ಹೋಗಿ, ತುದಿಯಲ್ಲಿ ನಿಂತು, ಬರಲು 30 ಸೆಕೆಂಡ್. 15 ಸೆಕೆಂಡಿಗೊಬ್ಬರಂತೆ ಬಿಟ್ಟರೆ 36 ಉಡುಪು ಒಂಬತ್ತೂಕಾಲು ನಿಮಿಷದಲ್ಲಿ ಮುಗಿಯುತ್ತವೆ. ಮಾಡೆಲ್‌ಗಳು 12 ಇದ್ದರೆ ಒಬ್ಬರ ಸರದಿ 180 ಸೆಕೆಂಡಿಗೊಮ್ಮೆ. ನಡಿಗೆಯ 30, ಕೋಣೆಗೆ ಹೋಗಿಬರಲು 30, ಸಾಲಿನಲ್ಲಿ ನಿಲ್ಲಲು 20 ಕಳೆದರೆ ಬಟ್ಟೆ ಬದಲಿಸಲು ಉಳಿಯುವುದು 100. ಬಿಗಿ ಜೀನ್ಸ್, ಬೂಟು ಎರಡೂ ಬದಲಾಗಬೇಕಾದರೆ ಸಹಾಯಕ್ಕೆ ಇಬ್ಬರಿದ್ದರೂ ಒಂದೂವರೆ ನಿಮಿಷ ಹಿಡಿಯಿರಿ.

ಖರ್ಚು ಉಳಿಸಲು 9 ಮಾಡೆಲ್ ಸಾಕೆಂದರೆ 100 ಇದ್ದದ್ದು 55ಕ್ಕಿಳಿಯುತ್ತದೆ. ಷೋ ಅಲ್ಲೇ ಸತ್ತಿತು. ಉಪಾಯ ಎರಡು: 20 ಸೆಕೆಂಡಿಗೊಬ್ಬರನ್ನು ಬಿಡಿ (ಷೋ 12 ನಿಮಿಷಕ್ಕೆ ಬೆಳೆಯುತ್ತದೆ), ಇಲ್ಲವೇ ಪ್ಯಾಂಟ್ ಹಾಗೇ ಇರಲಿ, ಮೇಲಿನ ಅಂಗಿ ಮಾತ್ರ ಬದಲಾಗಲಿ. ಯಾರು, ಯಾವಾಗ, ಯಾವ ಉಡುಪಿನಲ್ಲಿ ಎಂಬ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಟ್ಟೆಯ ಸ್ಟ್ಯಾಂಡಿಗೇ ನೇತುಹಾಕಬೇಕು; ಮೊಬೈಲಿನಲ್ಲಿದ್ದರೆ ಆ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ.

ಗೇಮಿನವರು ಬಣ್ಣ ಹಚ್ಚುವ ಮೊದಲು ಬರೀ ಬೂದು ಡಬ್ಬಿಗಳಿಂದ ಲೆವೆಲ್ ಕಟ್ಟಿ ಆಡಿ ನೋಡುತ್ತಾರೆ. ನೀವೂ ಗೋದಾಮಿನ ನೆಲಕ್ಕೆ ಸೀಮೆಸುಣ್ಣದಲ್ಲಿ ಅಳತೆ ಎಳೆದು, ಪ್ಲಾಸ್ಟಿಕ್ ಕುರ್ಚಿ ಹಾಕಿ, ಹೊಲಿಗೆ ಹುಡುಗರನ್ನೇ ನಡೆಸಿ ನೋಡಿ. ಮೂರನೇ ಸಾಲಿನಲ್ಲಿ ಕೂತರೆ ಪ್ಯಾಂಟಿನ ಕಾಲಂಚು ಕಾಣುತ್ತದೆಯೇ? ಕಾಣದಿದ್ದರೆ ರ‍್ಯಾಂಪ್ ಎತ್ತರಿಸುವುದಕ್ಕಿಂತ ಕುರ್ಚಿಯನ್ನು ಎರಡೇ ಸಾಲಿಗೆ ಇಳಿಸುವುದು ಅಗ್ಗ. ಇಬ್ಬರು ಎದುರುಬದುರಾಗುವುದಾದರೆ ಅಗಲ 8 ಅಡಿ ಬೇಕು, 6 ಸಾಲದು.

1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತ ಒಂದು ಮಾತೂ ಆಡದೆ ಜಿಗಿಯುವುದನ್ನು ಕಲಿಸುತ್ತದೆ. ಷೋದ ಮೊದಲ ಮೂರು ಉಡುಪುಗಳ ಕೆಲಸವೂ ಅದೇ. ಸಾದಾ ನೀಲಿ ಜೀನ್ಸ್ ಮೊದಲು. ಅದೇ ಕಟ್ಟಿಂಗ್ ವಾಶ್ ಆಗಿ (ಒಗೆದು ಬಣ್ಣ ತಿಳಿಮಾಡಿ) ಎರಡನೆಯದು. ಅದರ ಮೇಲೆ ಸಂಡೂರಿನ ಲಂಬಾಣಿ ಕಸೂತಿ ಬಂದು ಮೂರನೆಯದು. ಖರೀದಿದಾರರಿಗೆ ಅಲ್ಲಿಂದ ಮುಂದೆ ಏನು ನೋಡಬೇಕೆಂದು ಗೊತ್ತಾಗಿರುತ್ತದೆ.

ಬೆಳಕನ್ನು ಕ್ಯಾಮೆರಾ ಇರುವ ದಿಕ್ಕಿನಿಂದಲೇ ನೇರ ಬಿಟ್ಟರೆ ಗೇಮಿನ ಗೋಡೆಯೂ ಚಪ್ಪಟೆ, ಡೆನಿಮ್ಮೂ ಚಪ್ಪಟೆ. ತೊಡೆಯ ಮೇಲೆ ಮಡಿಕೆಯಂತೆ ಮಾಸಿಸಿದ ವಿಸ್ಕರ್ ಗೆರೆ, ದಪ್ಪ ಹೊಲಿಗೆ ಎದ್ದು ಕಾಣಲು ಬೆಳಕು ಪಕ್ಕದಿಂದ, ಓರೆಯಾಗಿ ಬರಬೇಕು. ಕಸೂತಿಯ ಕನ್ನಡಿಗಳಿಗೂ ಇದೇ ಕ್ಷೇಮ, ಎದುರು ಲೈಟಿಗೆ ಅವು ಫೋಟೊದಲ್ಲಿ ಬರೀ ಬಿಳಿ ಚುಕ್ಕೆಗಳಾಗುತ್ತವೆ. ಹಿನ್ನೆಲೆಗೆ ಕಪ್ಪು ಬಟ್ಟೆ ಕಟ್ಟಿದರೆ ಗಾಢ ಇಂಡಿಗೊ ನೀಲಿ ಅದರಲ್ಲೇ ಕರಗಿಹೋಗುತ್ತದೆ; ತಿಳಿಬೂದು ಇರಲಿ. ಇನ್ನೊಂದು: ವಾಶ್ ಆಗದ ಇಂಡಿಗೊ ಬಣ್ಣ ಬಿಡುತ್ತದೆ. ಅದನ್ನು ಬಿಚ್ಚಿದ ಕೈಯಿಂದಲೇ ಬಿಳಿ ಅಂಗಿ ಮುಟ್ಟಬಾರದು, ಪಕ್ಕದಲ್ಲಿ ಒದ್ದೆ ಟವೆಲ್ ಇರಲಿ.

ಕೊನೆಗೆ ಚೆಕ್‌ಪಾಯಿಂಟ್, ಅಂದರೆ ಗೇಮಿನಲ್ಲಿ ಸತ್ತರೆ ಮತ್ತೆ ಶುರುಮಾಡುವ ಜಾಗ. ಇಡೀ ಷೋಗೆ ಒಂದೇ ಉದ್ದ ಹಾಡಿನ ಫೈಲ್ ಮಾಡಿಸುವುದು ಇಲ್ಲಿನ ರೂಢಿ. ನಡುವೆ ಕರೆಂಟ್ ಹೋದರೆ ಎಲ್ಲಿಂದ ಹಿಡಿಯುವುದು? ಐದು ತುಂಡು ಮಾಡಿಸಿ, ಪ್ರತಿ ತುಂಡಿಗೆ ಏಳೆಂಟು ಉಡುಪು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ಸೌಂಡ್ ಮಿಕ್ಸರಿಗೆ ಇರುವುದಿಲ್ಲ, ಯುಪಿಎಸ್ ಅದಕ್ಕೆ ಕೊಡಿ. ಜನರೇಟರ್ ಹತ್ತುವವರೆಗೆ ರ‍್ಯಾಂಪ್ ಮೇಲಿದ್ದವರು ನಿಂತಲ್ಲೇ ನಿಲ್ಲಬೇಕು. ಕತ್ತಲಲ್ಲಿ ಹೀಲ್ಸ್ ಹಾಕಿ ಓಡುವುದು ಬೇಡವೆಂದು ರಿಹರ್ಸಲ್‌ನಲ್ಲೇ ಒಮ್ಮೆ ಲೈಟ್ ಆರಿಸಿ ಹೇಳಿಕೊಡಿ.