ಜೆಕ್ ಗಣರಾಜ್ಯದಿಂದ ಐರೋಪ್ಯ ಸಂಸತ್ತಿಗೆ: 21 ಸ್ಥಾನಗಳ ಲೆಕ್ಕ ಓದುವ ಬಗೆ

2014ರಲ್ಲಿ ಜೆಕ್ ಗಣರಾಜ್ಯದ ಐರೋಪ್ಯ ಚುನಾವಣೆ ಗೆದ್ದವರು ಯಾರು ಎಂದು ಕೇಳಿದರೆ ಗೈಡ್ ಪುಸ್ತಕದ ಉತ್ತರ ಒಂದೇ ಸಾಲು: ಆನೊ ಪಕ್ಷ, ಶೇ 16.13. ಉತ್ತರ ತಪ್ಪಲ್ಲ. ಆದರೆ ಆ ಸಲ ಮತಗಟ್ಟೆಗೆ ಬಂದವರೇ ಶೇ 18.20. ಎರಡನ್ನೂ ಗುಣಿಸಿ ನೋಡಿ. ಮತದಾರರ ಪಟ್ಟಿಯಲ್ಲಿದ್ದ ನೂರು ಜನರಲ್ಲಿ ‘ಗೆದ್ದ’ ಪಕ್ಷಕ್ಕೆ ಮತ ಹಾಕಿದವರು ಮೂವರೂ ಇಲ್ಲ! ಅದಕ್ಕೆ ಏಳು ತಿಂಗಳು ಮೊದಲು, 2013ರ ಅಕ್ಟೋಬರಿನಲ್ಲಿ, ಅದೇ ಜನ ತಮ್ಮ ದೇಶದ ಸಂಸತ್ತಿಗೆ ಮತ ಹಾಕಲು ಹೊರಟಾಗ ಮತದಾನ ಶೇ 59.48 ಆಗಿತ್ತು.

ಈ ವಿಷಯ ಓದುವಾಗ ನಾನು ಮೊದಲು ಎಡವಿದ್ದು ಇಲ್ಲೇ. ಪಕ್ಷದ ಶೇಕಡಾವಾರು ಬಾಯಿಪಾಠ ಮಾಡಿಕೊಂಡೆ, ಅದರ ಪಕ್ಕದಲ್ಲಿರಬೇಕಾದ ಮತದಾನದ ಪ್ರಮಾಣ ನೋಡಲಿಲ್ಲ. ನೀವು ಹಾಗೆ ಮಾಡಬೇಡಿ.

ಹಿನ್ನೆಲೆ, ಬೇಗನೆ

ಜೆಕ್ ಗಣರಾಜ್ಯ ಐರೋಪ್ಯ ಒಕ್ಕೂಟಕ್ಕೆ ಸೇರಿದ್ದು 2004ರ ಮೇ 1ರಂದು. ಸೇರಬೇಕೇ ಬೇಡವೇ ಎಂದು 2003ರ ಜೂನ್‌ನಲ್ಲಿ ಜನಮತಗಣನೆ ನಡೆದು ಶೇ 77ಕ್ಕೂ ಹೆಚ್ಚು ಮತ ‘ಹೌದು’ ಎಂದು ಬಿತ್ತು. ಸೇರಿದ ಮರು ತಿಂಗಳೇ ಮೊದಲ ಐರೋಪ್ಯ ಚುನಾವಣೆ. ಆಮೇಲೆ ಐದು ವರ್ಷಕ್ಕೊಮ್ಮೆ: 2009, 2014, 2019, 2024. ಸ್ಥಾನಗಳು ಮೊದಲು 24, ಆಮೇಲೆ 22, 2014ರಿಂದ 21. ಒಕ್ಕೂಟಕ್ಕೆ ಹೊಸಬರು ಸೇರಿದಂತೆ ಹಳಬರ ಪಾಲು ಕರಗುತ್ತದೆ, ಅಷ್ಟೆ. ಈಗಿನ ಸಂಸತ್ತಿನಲ್ಲಿ ಒಟ್ಟು 720 ಸದಸ್ಯರು, ಅತಿ ಹೆಚ್ಚು ಜರ್ಮನಿಗೆ (96), ಅತಿ ಕಡಿಮೆ ಮಾಲ್ಟಾ, ಸೈಪ್ರಸ್, ಲಕ್ಸೆಂಬರ್ಗ್‌ಗಳಿಗೆ (ತಲಾ 6).

ಮತ ಹಾಕಲು 18 ತುಂಬಿರಬೇಕು, ಸ್ಪರ್ಧಿಸಲು 21. ಜೆಕ್ ಪ್ರಜೆಯೇ ಆಗಿರಬೇಕೆಂದಿಲ್ಲ. ಬ್ರನೋ ನಗರದಲ್ಲಿ ನೆಲೆಸಿರುವ ಸ್ಲೊವಾಕ್ ಪ್ರಜೆಯೂ ಹೆಸರು ನೋಂದಾಯಿಸಿಕೊಂಡು ಅಲ್ಲೇ ಮತ ಹಾಕಬಹುದು, ಏಕೆಂದರೆ ಅವನೂ ಒಕ್ಕೂಟದ ಪ್ರಜೆ.

ಮತಗಟ್ಟೆಯ ಒಳಗೆ

ಇಡೀ ದೇಶಕ್ಕೆ ಒಂದೇ ಕ್ಷೇತ್ರ. ನಮ್ಮ ಲೋಕಸಭೆಯ ಹಾಗೆ ಕ್ಷೇತ್ರಕ್ಕೊಬ್ಬ ಎಂಬ ಲೆಕ್ಕ ಇಲ್ಲಿಲ್ಲ. ಮತಯಂತ್ರವೂ ಇಲ್ಲ. ಒಂದೊಂದು ಪಕ್ಷಕ್ಕೂ ಒಂದೊಂದು ಹಾಳೆ. ಆ ಹಾಳೆಗಳ ಕಟ್ಟು ಚುನಾವಣೆಗೆ ಕೆಲವು ದಿನ ಮೊದಲೇ ಮತದಾರನ ಮನೆಯ ಅಂಚೆ ಡಬ್ಬಿಗೆ ಬಂದು ಬೀಳುತ್ತದೆ. ಬೇಕಾದ ಹಾಳೆಯನ್ನು ಮನೆಯಲ್ಲೇ ಆರಿಸಿಟ್ಟುಕೊಂಡು ಬರಬಹುದು. ಮತಗಟ್ಟೆಯಲ್ಲಿ ಗುರುತಿನ ಚೀಟಿ ತೋರಿಸಿದರೆ ಅಧಿಕೃತ ಮುದ್ರೆಯ ಲಕೋಟೆ ಕೊಡುತ್ತಾರೆ. ಪರದೆಯ ಹಿಂದೆ ಹೋಗಿ, ಒಂದೇ ಒಂದು ಹಾಳೆಯನ್ನು ಲಕೋಟೆಗೆ ಸೇರಿಸಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಎರಡು ಪಕ್ಷಗಳ ಹಾಳೆ ಒಟ್ಟಿಗೆ ತುರುಕಿದರೆ ಮತ ಕುಲಗೆಟ್ಟಿತು.

ಹಾಳೆಯ ಮೇಲೆ ಅಭ್ಯರ್ಥಿಗಳ ಹೆಸರು, ಪಕ್ಷ ಜೋಡಿಸಿದ ಕ್ರಮದಲ್ಲಿ. ಮತದಾರನಿಗೆ ಇಷ್ಟವಾದವರ ಕ್ರಮಸಂಖ್ಯೆಗೆ ಸುತ್ತು ಹಾಕಬಹುದು, ಆದರೆ ಇಬ್ಬರಿಗೆ ಮಾತ್ರ. ಇದಕ್ಕೆ ಆದ್ಯತಾ ಮತ ಎನ್ನುತ್ತಾರೆ. ಮೂವರಿಗೆ ಸುತ್ತು ಹಾಕಿದರೆ ಪಕ್ಷಕ್ಕೆ ಬಿದ್ದ ಮತ ಉಳಿಯುತ್ತದೆ, ಸುತ್ತುಗಳು ಮಾತ್ರ ವ್ಯರ್ಥ.

ಮತದಾನ ಎರಡು ದಿನ: ಶುಕ್ರವಾರ ಮಧ್ಯಾಹ್ನ 2ರಿಂದ ರಾತ್ರಿ 10, ಶನಿವಾರ ಬೆಳಗ್ಗೆ 8ರಿಂದ ಮಧ್ಯಾಹ್ನ 2. ಮುಗಿದ ಕೂಡಲೇ ಎಣಿಕೆ. ಆದರೂ ಫಲಿತಾಂಶ ಹೊರಗೆ ಬರುವುದು ಭಾನುವಾರ ತಡರಾತ್ರಿ. ಒಕ್ಕೂಟದ ಕೊನೆಯ ಮತಗಟ್ಟೆ ಮುಚ್ಚುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಒಂದೂವರೆ ದಿನ ಉತ್ತರ ಗೊತ್ತಿದ್ದೂ ಗುಟ್ಟು ಕಾಯುವ ಚುನಾವಣಾ ಸಿಬ್ಬಂದಿಯನ್ನು ನೆನೆದರೆ ನನಗೆ ಅಯ್ಯೋ ಅನಿಸುತ್ತದೆ.

ಡೋಂಟ್ ವಿಧಾನ, 2024ರ ಅಂಕಿಗಳಲ್ಲಿ

ಪರೀಕ್ಷೆಗೆ ಇದೇ ಮುಖ್ಯ. ಬೆಲ್ಜಿಯಂನ ವಿಕ್ಟರ್ ಡೋಂಟ್ ಅವರ ಹೆಸರಿನ ವಿಧಾನ ಇದು. ನಿಯಮ ಒಂದೇ ಸಾಲಿನದು: ಪ್ರತಿ ಪಕ್ಷದ ಮತವನ್ನು 1, 2, 3, 4 ಎಂದು ಸಾಲಾಗಿ ಭಾಗಿಸುತ್ತ ಹೋಗಿ, ಬಂದ ಭಾಗಲಬ್ಧಗಳನ್ನೆಲ್ಲ ಒಂದೇ ರಾಶಿಗೆ ಹಾಕಿ, ದೊಡ್ಡವು 21ನ್ನು ಆರಿಸಿ. ಹೋಲಿಸುವುದಷ್ಟೇ ಕೆಲಸವಾದ್ದರಿಂದ ಮತಗಳ ಬದಲು ಶೇಕಡಾವಾರು ಹಿಡಿದರೂ ಉತ್ತರ ಅದೇ ಬರುತ್ತದೆ.

ಸ್ಥಾನ ಹಂಚಿಕೆಗೆ ಬರಲು ಕನಿಷ್ಠ ಶೇ 5 ಮತ ಬೇಕು; 2024ರಲ್ಲಿ ಆ ಗೆರೆ ದಾಟಿದವರು ಏಳು ಪಟ್ಟಿಗಳು. ಹೆಸರುಗಳ ಅರ್ಥವನ್ನೂ ಹೇಳಿಬಿಡುತ್ತೇನೆ, ನೆನಪಿಗೆ ಒಳ್ಳೆಯದು. ಆನೊ (‘ಹೌದು’) 26.14. ಸ್ಪೋಲು (‘ಒಟ್ಟಿಗೆ’), ಅಂದರೆ ಒಡಿಎಸ್, ಟಾಪ್ 09, ಕ್ರೈಸ್ತ ಡೆಮಾಕ್ರಟರು ಎಂಬ ಮೂರು ಪಕ್ಷಗಳ ಮೈತ್ರಿಕೂಟ, 22.27. ಪ್ರೀಸಹಾ (‘ಪ್ರಮಾಣ’) ಮತ್ತು ಮೋಟಾರಿಸ್ಟರ ಜಂಟಿ ಪಟ್ಟಿ 10.26. ಸ್ತಾಚಿಲೊ (‘ಸಾಕು!’) 9.56. ಮೇಯರುಗಳ ಪಕ್ಷವಾದ ಸ್ತಾನ್ 8.70. ಪೈರೇಟ್ಸ್ 6.20. ಎಸ್‌ಪಿಡಿ ಮತ್ತು ತ್ರಿಕೊಲೋರಾ ಪಕ್ಷಗಳ ಜಂಟಿ ಪಟ್ಟಿ 5.73. ಹೌದು, ಒಟ್ಟಿಗೆ, ಪ್ರಮಾಣ, ಸಾಕು: ಮತಪತ್ರವೋ ಮನೆಯ ಜಗಳವೋ ಎನ್ನುವಂತಿದೆ!

ಆನೊದ 26.14ನ್ನು ಭಾಗಿಸಿದರೆ: 26.14, 13.07, 8.71, 6.54, 5.23, 4.36, 3.73, 3.27.
ಸ್ಪೋಲುವಿನದು: 22.27, 11.14, 7.42, 5.57, 4.45, 3.71, 3.18.
ಪ್ರೀಸಹಾ–ಮೋಟಾರಿಸ್ಟರು: 10.26, 5.13, 3.42.
ಸ್ತಾಚಿಲೊ: 9.56, 4.78, 3.19.
ಸ್ತಾನ್: 8.70, 4.35, 2.90.
ಪೈರೇಟ್ಸ್: 6.20, 3.10. ಎಸ್‌ಪಿಡಿ: 5.73, 2.87.

ದೊಡ್ಡದರಿಂದ ಎಣಿಸುತ್ತ ಬನ್ನಿ. ಇಪ್ಪತ್ತನೆಯದು ಆನೊದ 3.73, ಇಪ್ಪತ್ತೊಂದನೆಯದು ಸ್ಪೋಲುವಿನ 3.71. ಅಲ್ಲಿಗೆ ಬಾಗಿಲು ಮುಚ್ಚಿತು. ಹೊರಗೆ ಉಳಿದವರಲ್ಲಿ ಮೊದಲಿಗರು 3.42ರ ಮೋಟಾರಿಸ್ಟರು, 22ನೆಯ ಸ್ಥಾನ ಇದ್ದಿದ್ದರೆ ಅದು ಅವರದೇ. ಫಲ: 7, 6, 2, 2, 2, 1, 1.

ಶೇ 5ರ ಗೆರೆ ಯಾರನ್ನು ಕಡಿಯಿತು

ಒಂಟಿ ಪಕ್ಷವಾಗಲಿ ಮೈತ್ರಿಕೂಟವಾಗಲಿ ಐರೋಪ್ಯ ಚುನಾವಣೆಯಲ್ಲಿ ಗೆರೆ ಒಂದೇ: ಶೇ 5. 2014ರಲ್ಲಿ ಪೈರೇಟ್ಸ್ ಪಕ್ಷಕ್ಕೆ 4.78, ಗ್ರೀನ್ಸ್ ಪಕ್ಷಕ್ಕೆ 3.77. ಇಬ್ಬರಿಗೂ ಸೊನ್ನೆ. ಗೆರೆಯೇ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಕುತೂಹಲಕ್ಕೆ ಲೆಕ್ಕ ಹಾಕಿದೆ. ಆ ವರ್ಷ ಕೊನೆಯ ಎರಡು ಸ್ಥಾನಗಳು ಹೋದದ್ದು ಸೋಷಿಯಲ್ ಡೆಮಾಕ್ರಟರ ನಾಲ್ಕನೆಯವರಿಗೆ (14.17 ÷ 4 = 3.54) ಮತ್ತು ಕ್ರೈಸ್ತ ಡೆಮಾಕ್ರಟರ ಮೂರನೆಯವರಿಗೆ (9.95 ÷ 3 = 3.32). ಪೈರೇಟ್ಸರ 4.78 ಮತ್ತು ಗ್ರೀನ್ಸರ 3.77 ಎರಡೂ ಇವಕ್ಕಿಂತ ದೊಡ್ಡವು. ಅಂದರೆ ಗೆರೆ ಇರದಿದ್ದರೆ ಇಬ್ಬರಿಗೂ ಒಂದೊಂದು ಸ್ಥಾನ ಸಿಗುತ್ತಿತ್ತು.

ಸಣ್ಣ ಪಕ್ಷಗಳು ಕೋರ್ಟ್ ಮೆಟ್ಟಿಲು ಹತ್ತಿದವು. ಅದೇ ವರ್ಷದ ಫೆಬ್ರುವರಿಯಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ತನ್ನ ದೇಶದ ಶೇ 3ರ ಗೆರೆಯನ್ನೇ ರದ್ದು ಮಾಡಿತ್ತಲ್ಲ, ಆ ಧೈರ್ಯ. ಆದರೆ ಬ್ರನೋದಲ್ಲಿರುವ ಜೆಕ್ ಸಾಂವಿಧಾನಿಕ ನ್ಯಾಯಾಲಯ 2015ರಲ್ಲಿ ಗೆರೆಯನ್ನು ಎತ್ತಿಹಿಡಿಯಿತು. ನನ್ನ ಅಭಿಪ್ರಾಯ ಕೇಳಿದರೆ, 21 ಸ್ಥಾನಗಳನ್ನಷ್ಟೇ ಹಂಚುವಾಗ ಡೋಂಟ್ ವಿಧಾನವೇ ಸಾಕಷ್ಟು ಜರಡಿ ಹಿಡಿಯುತ್ತದೆ. ಅದರ ಮೇಲೆ ಇನ್ನೊಂದು ಜರಡಿ ಯಾಕೆ ಎಂಬ ಪೈರೇಟ್ಸರ ಗೊಣಗಾಟದಲ್ಲಿ ಹುರುಳಿದೆ.

ಎರಡು ಸುತ್ತುಗಳ ಬಲ

ಪಕ್ಷಕ್ಕೆ ಎಷ್ಟು ಸ್ಥಾನ ಎಂದು ತೀರ್ಮಾನವಾದ ಮೇಲೆ, ಅದರಲ್ಲಿ ಕೂರುವವರು ಯಾರು? ತನ್ನ ಪಕ್ಷಕ್ಕೆ ಬಿದ್ದ ಮತಗಳ ಕನಿಷ್ಠ ಶೇ 5ರಷ್ಟು ಆದ್ಯತಾ ಮತ ಪಡೆದವರು ಪಟ್ಟಿಯ ಮೇಲಕ್ಕೆ ಏರುತ್ತಾರೆ; ಅಂಥವರು ಹಲವರಿದ್ದರೆ ಹೆಚ್ಚು ಸುತ್ತು ಬಿದ್ದವರು ಮೊದಲು. ಇದು ಬರೀ ಅಲಂಕಾರದ ನಿಯಮವಲ್ಲ. 2024ರಲ್ಲಿ ಪೈರೇಟ್ಸ್ ಪಟ್ಟಿಯ ಮೊದಲ ಹೆಸರು ಮಾರ್ಸೆಲ್ ಕೊಲಾಯಾ, ಹಿಂದೆ ಐರೋಪ್ಯ ಸಂಸತ್ತಿನ ಉಪಾಧ್ಯಕ್ಷರಾಗಿದ್ದವರು. ಪಕ್ಷಕ್ಕೆ ಸಿಕ್ಕಿದ್ದು ಒಂದೇ ಸ್ಥಾನ. ಅದಕ್ಕೆ ಹೋದವರು ಹೆಚ್ಚು ಆದ್ಯತಾ ಮತ ಪಡೆದ ಮಾರ್ಕೇಟಾ ಗ್ರೆಗೊರೊವಾ. 2019ರಲ್ಲಿ ಕ್ರೈಸ್ತ ಡೆಮಾಕ್ರಟರ ಪಟ್ಟಿ ಮುನ್ನಡೆಸಿದ ಪಾವೆಲ್ ಸ್ವೊಬೊಡಾ ಅವರಿಗೂ ಇದೇ ಗತಿ. ಎರಡು ಸ್ಥಾನ ಬಂದವು, ಎರಡೂ ಬೇರೆಯವರ ಪಾಲಾದವು.

ಈ ಪದ್ಧತಿಯಿಂದಾಗಿ ಹೆಸರು ಮಾಡಿದವರನ್ನು ಪಟ್ಟಿಗೆ ಸೇರಿಸುವ ಆಸೆ ಪಕ್ಷಗಳಿಗೆ ಹೆಚ್ಚು. ಕಮ್ಯುನಿಸ್ಟರು 2004 ಮತ್ತು 2009ರಲ್ಲಿ ಕಳಿಸಿದವರಲ್ಲಿ ವ್ಲಾದಿಮೀರ್ ರೆಮೆಕ್ ಇದ್ದರು. 1978ರಲ್ಲಿ ಅಂತರಿಕ್ಷಕ್ಕೆ ಹೋಗಿ ಬಂದ ಇವರು, ಸೋವಿಯತ್ ಒಕ್ಕೂಟ ಮತ್ತು ಅಮೆರಿಕ ಬಿಟ್ಟರೆ ಬೇರೆ ದೇಶದ ಮೊದಲ ಗಗನಯಾತ್ರಿ.

ಕಡಿಮೆ ಮತದಾನ ಏನು ಮಾಡುತ್ತದೆ

ಮತದಾನದ ಸಾಲನ್ನು ಬಾಯಿಪಾಠ ಮಾಡಿ: 28.32, 28.22, 18.20, 28.72, 36.45. ಕೊನೆಯದು 2024, ಈವರೆಗಿನ ದಾಖಲೆ. ದಾಖಲೆಯೇ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಿ. ಜೂನ್ ತಿಂಗಳ ವಾರಾಂತ್ಯಕ್ಕೆ ಜೆಕ್ ಜನ ಹಳ್ಳಿಯ ಕುಟೀರಗಳಿಗೆ ಹೊರಟುಬಿಡುತ್ತಾರೆ ಎಂಬ ಸಬೂಬು ಪ್ರಾಗ್‌ನಲ್ಲಿ ಚಾಲ್ತಿಯಲ್ಲಿದೆ. ಆದರೆ ಬೇರೆ ಊರಲ್ಲೂ ಮತ ಹಾಕಲು ಮತದಾರ ಚೀಟಿ ಪಡೆಯುವ ಅವಕಾಶ ಇದೆ, ಹಾಗಾಗಿ ಕುಟೀರದ ಮೇಲೆ ಪೂರ್ತಿ ಹೊರೆ ಹಾಕುವಂತಿಲ್ಲ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ದೂರ, ಅಲ್ಲಿ ನಡೆಯುವುದು ತಮ್ಮ ಮನೆ ಬಾಗಿಲಿಗೆ ಬರುವುದು ಯಾವಾಗ ಎಂಬುದು ಹೆಚ್ಚಿನವರಿಗೆ ಕಾಣುವುದೇ ಇಲ್ಲ.

ಮನೆಯಲ್ಲಿ ಕೂರುವವರು ಹೆಚ್ಚಾದಾಗ ತಪ್ಪದೇ ಬರುವ ಕಟ್ಟಾ ಬೆಂಬಲಿಗರ ಮತ್ತು ಸಿಟ್ಟಾದವರ ತೂಕ ಏರುತ್ತದೆ. 2004ರಲ್ಲಿ ಕಮ್ಯುನಿಸ್ಟರಿಗೆ ಶೇ 20.26 ಬಂದು ಎರಡನೇ ಸ್ಥಾನ. ಮತದಾರರ ಪಟ್ಟಿಯ ಲೆಕ್ಕದಲ್ಲಿ ಅದು ನೂರಕ್ಕೆ ಆರು ಜನ. ಆಡಳಿತದಲ್ಲಿದ್ದ ಸೋಷಿಯಲ್ ಡೆಮಾಕ್ರಟರು 8.78ಕ್ಕೆ ಇಳಿದು ಐದನೆಯವರಾದರು. ಪ್ರಧಾನಿ ವ್ಲಾದಿಮೀರ್ ಶ್ಪಿದ್ಲಾ ರಾಜೀನಾಮೆ ಕೊಟ್ಟರು. ತಮಾಷೆ ನೋಡಿ, ಐರೋಪ್ಯ ಚುನಾವಣೆಯಲ್ಲಿ ಪೆಟ್ಟು ತಿಂದು ಕುರ್ಚಿ ಬಿಟ್ಟವರು ಅದೇ ವರ್ಷ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗದ ಸದಸ್ಯರಾಗಿ ಬ್ರಸೆಲ್ಸ್‌ಗೆ ಹೋದರು. 2009ರಲ್ಲೂ ಮಾತೆಲ್ಲ ಮನೆಯದೇ: ಮಾರ್ಚಿನಲ್ಲಿ ಸರ್ಕಾರ ಬಿದ್ದಿತ್ತು, ಪ್ರಚಾರ ಸಭೆಗಳಲ್ಲಿ ವಿರೋಧ ಪಕ್ಷದ ನಾಯಕ ಇರ್ಝಿ ಪಾರೊಬೆಕ್ ಮೇಲೆ ಮೊಟ್ಟೆಗಳ ಸುರಿಮಳೆ. ಐರೋಪ್ಯ ನೀತಿಯನ್ನು ಕೇಳಿದವರು ಯಾರು?

ಆದ್ದರಿಂದ ಐರೋಪ್ಯ ಫಲಿತಾಂಶ ಹಿಡಿದು ಮುಂದಿನ ರಾಷ್ಟ್ರೀಯ ಚುನಾವಣೆಯ ಭವಿಷ್ಯ ಹೇಳುವವರು ಅರ್ಧ ಗೆಲ್ಲುತ್ತಾರೆ, ಅರ್ಧ ಸೋಲುತ್ತಾರೆ. 2024ರಲ್ಲಿ ಬೆಳಕಿಗೆ ಬಂದ ಮೋಟಾರಿಸ್ಟರು 2025ರ ಅಕ್ಟೋಬರಿನಲ್ಲಿ ದೇಶದ ಸಂಸತ್ತಿಗೂ ಹೊಕ್ಕರು. ಅದೇ 2024ರಲ್ಲಿ 9.56 ಪಡೆದ ಸ್ತಾಚಿಲೊ, ಮತದಾನ ಶೇ 69ರ ಹತ್ತಿರ ಹೋದ ಕೂಡಲೇ ಶೇ 5ನ್ನೂ ಮುಟ್ಟದೆ ಹೊರಗುಳಿಯಿತು.

ಆರಿಸಿ ಹೋದ ಮೇಲೆ ಯಾವ ಸಾಲಿನಲ್ಲಿ ಕೂರುತ್ತಾರೆ

ದೇಶವಾರು ಕೂರುವುದಿಲ್ಲ, ರಾಜಕೀಯ ಗುಂಪುವಾರು ಕೂರುತ್ತಾರೆ. ಗುಂಪು ಕಟ್ಟಲು ಕನಿಷ್ಠ 23 ಸದಸ್ಯರು, ಏಳು ದೇಶಗಳವರು ಬೇಕು. ಸ್ಪೋಲು ಒಂದೇ ಹಾಳೆಯಲ್ಲಿ ಮತ ಕೇಳಿತು, ಆರು ಸ್ಥಾನ ಗೆದ್ದಿತು. ಐರೋಪ್ಯ ಸಂಸತ್ತು ಸೇರುವ ಸ್ಟ್ರಾಸ್‌ಬರ್ಗ್ ತಲುಪಿದ ಮೇಲೆ ಒಡಿಎಸ್‌ನ ಮೂವರು ಕನ್ಸರ್ವೇಟಿವ್ ಗುಂಪಿಗೆ, ಟಾಪ್ 09 ಮತ್ತು ಕ್ರೈಸ್ತ ಡೆಮಾಕ್ರಟರ ಮೂವರು ಐರೋಪ್ಯ ಜನತಾ ಪಕ್ಷದ ಗುಂಪಿಗೆ. ‘ಒಟ್ಟಿಗೆ’ ಎಂಬ ಹೆಸರು ವಿಮಾನ ನಿಲ್ದಾಣದವರೆಗೆ! ಆನೊ ಹತ್ತು ವರ್ಷ ಲಿಬರಲ್ ಗುಂಪಿನಲ್ಲಿತ್ತು. 2024ರಲ್ಲಿ ಮತ ಎಣಿಕೆ ಮುಗಿದ ಮೇಲೆ ಅದನ್ನು ಬಿಟ್ಟು, ಹಂಗೇರಿಯ ವಿಕ್ಟರ್ ಓರ್ಬಾನ್ ಪಕ್ಷದ ಜೊತೆ ‘ಪೇಟ್ರಿಯಟ್ಸ್ ಫಾರ್ ಯುರೋಪ್’ ಗುಂಪು ಕಟ್ಟಿತು. ಮತದಾರನಿಗೆ ಹಾಳೆಯ ಮೇಲೆ ಇದರ ಸುಳಿವು ಇರಲಿಲ್ಲ.

ಜೆಕ್ ಜನರಿಗೆ ಬಹುರಾಷ್ಟ್ರೀಯ ಸಂಸತ್ತು ಹೊಸದಲ್ಲ ಎಂಬುದನ್ನೂ ಇಲ್ಲೇ ಬರೆದುಕೊಳ್ಳಿ. ಹ್ಯಾಬ್ಸ್‌ಬರ್ಗ್ ಆಳ್ವಿಕೆಯಲ್ಲಿ ಅವರ ಪ್ರತಿನಿಧಿಗಳು ವಿಯೆನ್ನಾದ ರೈಖ್‌ಸ್ರಾಟ್ ಎಂಬ ಸಂಸತ್ತಿನಲ್ಲಿ ಕೂರುತ್ತಿದ್ದರು; ಮುಂದೆ ಚೆಕೊಸ್ಲೊವಾಕಿಯದ ಮೊದಲ ಅಧ್ಯಕ್ಷರಾದ ಮಸಾರಿಕ್ ಅಲ್ಲಿಗೆ 1891, 1907, 1911ರಲ್ಲಿ ಆರಿಸಿ ಹೋಗಿದ್ದವರು. ಅಲ್ಲಿ ತಮ್ಮ ಭಾಷೆಯಲ್ಲಿ ಮಾತಾಡಬಹುದಿತ್ತು, ಆದರೆ ಅನುವಾದಕರು ಇರಲಿಲ್ಲ. ಇಂದಿನ ಐರೋಪ್ಯ ಸಂಸತ್ತಿನ 24 ಅಧಿಕೃತ ಭಾಷೆಗಳಲ್ಲಿ ಜೆಕ್ ಒಂದು, ಆಡಿದ ಮಾತು ಕೂಡಲೇ ಇತರರ ಕಿವಿಗೆ ಅವರವರ ಭಾಷೆಯಲ್ಲಿ ಬೀಳುತ್ತದೆ.

ಅಭ್ಯಾಸಕ್ಕೆ

2019ರ ಅಂಕಿ: ಆನೊ 21.18, ಒಡಿಎಸ್ 14.54, ಪೈರೇಟ್ಸ್ 13.95, ಟಾಪ್ 09 ಮತ್ತು ಸ್ತಾನ್ 11.65, ಎಸ್‌ಪಿಡಿ 9.14, ಕ್ರೈಸ್ತ ಡೆಮಾಕ್ರಟರು 7.24, ಕಮ್ಯುನಿಸ್ಟರು 6.94. ಗೆರೆಯ ಕೆಳಗೆ ಉಳಿದ ಸೋಷಿಯಲ್ ಡೆಮಾಕ್ರಟರು 3.95. 21ನೆಯ ಸ್ಥಾನ ಯಾರಿಗೆ? ಗೆರೆ ಇಲ್ಲದಿದ್ದರೆ ಯಾರಿಗೆ? ಕೆಳಗಿನ ಸಾಲು ಮುಚ್ಚಿಟ್ಟು ಮಾಡಿ.

ಉತ್ತರ: ಆನೊದ ಆರನೆಯವರಿಗೆ (3.53), ಪೈರೇಟ್ಸರ ನಾಲ್ಕನೆಯವರು 3.49ರಲ್ಲಿ ಕೂದಲೆಳೆಯಷ್ಟು ಹಿಂದೆ. ಗೆರೆ ಇಲ್ಲದಿದ್ದರೆ ಆನೊದ ಆ ಆರನೆಯ ಸ್ಥಾನ ಹೋಗಿ ಸೋಷಿಯಲ್ ಡೆಮಾಕ್ರಟರಿಗೆ ಒಂದು.