ಅಡಿಕೆಗೊಂದು ನ್ಯಾಯ, ಕೊಡಲಿ ಎಣ್ಣೆಗೊಂದು ನ್ಯಾಯ: ಗ್ರಾಹಕರ ಸ್ವದೇಶಪರತೆ

ಮಾರ್ಕೆಟಿಂಗ್ ಪೇಪರಿನಲ್ಲಿ ‘ಕನ್ಸ್ಯೂಮರ್ ಎಥ್ನೋಸೆಂಟ್ರಿಸಂ’ ಬಂದರೆ ನಮ್ಮಲ್ಲಿ ಹೆಚ್ಚಿನವರು ‘ಸ್ವದೇಶಿ ವಸ್ತುಗಳ ಮೇಲಿನ ಪ್ರೀತಿ’ ಎಂದು ಬರೆದು ಮುಗಿಸುತ್ತೇವೆ. ಅರ್ಧ ಅಂಕ ಅಲ್ಲೇ ಹೋಗುತ್ತದೆ. ಇಲ್ಲಿ ಇರುವುದು ಸರಿ-ತಪ್ಪಿನ ಪ್ರಶ್ನೆ. ‘ಹೊರದೇಶದ್ದನ್ನು ಕೊಂಡರೆ ನಮ್ಮವರ ಹೊಟ್ಟೆಗೆ ಹೊಡೆದ ಹಾಗೆ’ ಎಂಬ ಅಳುಕು ಇದ್ದರೆ ಅದು ಸ್ವದೇಶಪರತೆ. ‘ನಮ್ಮದೇ ಚೆನ್ನಾಗಿದೆ, ಅಗ್ಗವೂ ಹೌದು’ ಎಂದು ಕೊಂಡರೆ ಅದು ಬರೀ ವ್ಯಾಪಾರ.

ಇದನ್ನು ಅಳೆಯಲು 1987ರಲ್ಲಿ ಅಮೆರಿಕದ ಟೆರೆನ್ಸ್ ಶಿಂಪ್ ಮತ್ತು ಸುಭಾಷ್ ಶರ್ಮಾ ‘ಸೆಟ್‌ಸ್ಕೇಲ್’ ಎಂಬ ಪ್ರಶ್ನಾವಳಿ ಮಾಡಿದರು. 17 ಹೇಳಿಕೆಗಳು, ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರಿ ಎಂಬುದಕ್ಕೆ 1ರಿಂದ 7ರವರೆಗೆ ಅಂಕ. ಹಾಗಾಗಿ ಒಬ್ಬರ ಮೊತ್ತ 17ಕ್ಕಿಂತ ಕೆಳಗೆ, 119ಕ್ಕಿಂತ ಮೇಲೆ ಹೋಗದು. ಹೇಳಿಕೆಗಳೆಲ್ಲ ‘ಹೊರದೇಶದ್ದನ್ನು ಕೊಳ್ಳುವುದು, ಒಳಗೆ ಬಿಡುವುದು ಸರಿಯೇ’ ಎಂಬುದರ ಸುತ್ತಲೇ ತಿರುಗುತ್ತವೆ, ‘ಬಾಳಿಕೆ ಬರುತ್ತದೆಯೇ’ ಎಂದು ಕೇಳುವುದಿಲ್ಲ.

ಈಗ ನನ್ನ ತಲೆ ಕೆಡಿಸಿದ್ದ ವಿಷಯಕ್ಕೆ ಬರುತ್ತೇನೆ. ಕಾಸರಗೋಡಿನ ಬದಿಯಡ್ಕ ಕಡೆ ಅಡಿಕೆ ತೋಟ ಇರುವ ನಮ್ಮ ಮಾವನ ಎದುರು ಬರ್ಮಾ ಅಡಿಕೆಯ ಮಾತೆತ್ತಿದರೆ ಸಾಕು, ‘ಅದು ಒಳಗೆ ಬಂದರೆ ನಮ್ಮ ಚಾಲಿ ಅಡಿಕೆಯನ್ನು ಯಾರು ಕೇಳ್ತಾರೆ ಮಾರಾಯ?’ ಎಂದು ಶುರು ಮಾಡುತ್ತಾರೆ. ಅದೇ ಮಾವನ ಕಪಾಟಿನಲ್ಲಿ ಗಲ್ಫಿನಿಂದ ಬಂದ ಅತ್ತರು, ಟೈಗರ್ ಬಾಮ್, ತಲೆನೋವಿಗೆ ಹಚ್ಚುವ ಕೊಡಲಿ ಚಿತ್ರದ ಎಣ್ಣೆ ಜೋಪಾನವಾಗಿವೆ. ಇವರಿಗೆ ಎಷ್ಟು ಅಂಕ ಕೊಡೋಣ?

ಉತ್ತರ 1995ರ ಕೊರಿಯಾ ಅಧ್ಯಯನದಲ್ಲಿದೆ. ಶರ್ಮಾ, ಶಿಂಪ್, ಶಿನ್ ಅವರು ತೋರಿಸಿದ್ದು ಇದು: ಆಮದು ವಸ್ತು ತನ್ನ ಅಥವಾ ದೇಶದ ಆರ್ಥಿಕತೆಗೆ ಬೆದರಿಕೆ ಎನಿಸಿದಲ್ಲಿ ಸ್ವದೇಶಪರತೆಯ ಪ್ರಭಾವ ಹೆಚ್ಚು, ಅತ್ಯಗತ್ಯ ಎನಿಸುವ ವಸ್ತುವಿನಲ್ಲಿ ಕಡಿಮೆ. ಅಡಿಕೆ ಆಮದಿನಿಂದ ಮಾವನ ಆದಾಯ ಬೀಳುತ್ತದೆ, ಬಾಮಿನಿಂದ ಏನೂ ಆಗದು. ಶಿಂಪ್ ಮತ್ತು ಶರ್ಮಾ ಅಮೆರಿಕದಲ್ಲಿ ನೋಡಿದ ನಾಲ್ಕು ಪ್ರದೇಶಗಳಲ್ಲಿ ಕಾರು ಕಾರ್ಖಾನೆಗಳ ಡೆಟ್ರಾಯಿಟ್‌ನವರ ಅಂಕವೇ ಮೇಲಿತ್ತು. ಜಪಾನಿನ ಕಾರು ಅವರ ಬರ್ಮಾ ಅಡಿಕೆ! 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ನಮ್ಮ ಊರಲ್ಲಿ ಸಮಾಧಾನಪಟ್ಟವರನ್ನೆಲ್ಲ ನೆನೆಸಿಕೊಳ್ಳಿ.

ಒಂದು ದೇಶದ ಮೇಲಿನ ವೈರತ್ವ ಬೇರೆ, ಅದನ್ನು ಸ್ವದೇಶಪರತೆಯೊಂದಿಗೆ ಬೆರೆಸಬೇಡಿ. ಕ್ಲೈನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಚೀನಾದ ನಾನ್‌ಜಿಂಗ್‌ನದು. ಜಪಾನಿನ ಸೇನೆ ನಡೆಸಿದ 1937ರ ಹತ್ಯಾಕಾಂಡ ಅಲ್ಲಿ ಮರೆತು ಹೋಗಿಲ್ಲ. ಜಪಾನಿನ ವಸ್ತು ಗಟ್ಟಿ ಎಂದು ಒಪ್ಪಿಯೂ ಕೊಳ್ಳದಿರುವುದಕ್ಕೆ ಆ ಸಿಟ್ಟು ಕಾರಣವಾಗಬಲ್ಲದು. ಸಿಟ್ಟು ಒಂದೇ ದೇಶದ ಮೇಲೆ, ಸ್ವದೇಶಪರತೆಯ ಅಳುಕು ಎಲ್ಲ ಪರದೇಶಗಳ ವಸ್ತುಗಳ ಮೇಲೆ.

ಪ್ರಾಜೆಕ್ಟ್ ಮಾಡುವವರು ಎಡವುವ ಜಾಗ ಇನ್ನೊಂದಿದೆ. ಯಾವುದು ವಿದೇಶಿ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ. ಬಾಟಾ 1894ರಲ್ಲಿ ಇಂದಿನ ಚೆಕ್ ದೇಶದ ಜ್ಲೀನ್ ಊರಲ್ಲಿ ಹುಟ್ಟಿದ್ದು, ಕೋಲ್ಗೇಟ್ ಅಮೆರಿಕದ್ದು. ಎರಡನ್ನೂ ನಮ್ಮ ಅಜ್ಜಿ ‘ನಮ್ಮವೇ’ ಎನ್ನುತ್ತಾರೆ. ‘ಗಲ್ಫಿನದು’ ಎಂದು ಹಂಚಿದ ಟೈಗರ್ ಬಾಮ್ ಸಿಂಗಾಪುರದ ಕಂಪೆನಿಯದು. ಬಾರ್‌ಕೋಡ್ 890ರಿಂದ ಆರಂಭವಾದರೆ ಭಾರತದಲ್ಲೇ ತಯಾರಾದದ್ದು ಎಂದು ವಾಟ್ಸಾಪಿನಲ್ಲಿ ಓಡಾಡುವುದೂ ಸುಳ್ಳು. ಆ ಸಂಖ್ಯೆ ಹೇಳುವುದು ಕೋಡ್ ಕೊಟ್ಟದ್ದು ಭಾರತದ ಸಂಸ್ಥೆ ಎಂದಷ್ಟೇ, ವಸ್ತು ಎಲ್ಲಿ ತಯಾರಾಯಿತು ಎಂದಲ್ಲ.

ಹಾಗಾಗಿ ನನ್ನ ಪ್ರಶ್ನಾವಳಿಯ ಮೊದಲ ಪುಟದಲ್ಲಿ ಹತ್ತು ಬ್ರ್ಯಾಂಡ್‌ಗಳ ಹೆಸರು ಕೊಟ್ಟು, ಎದುರಿಗೆ ಯಾವ ದೇಶದ್ದೆಂದು ಬರೆಯಲು ಖಾಲಿ ಜಾಗ ಬಿಟ್ಟಿದ್ದೇನೆ. ಸೆಟ್‌ಸ್ಕೇಲ್ ಅದರ ನಂತರ.